ನಮ್ಮ ಹೊಳೆ, ಬ್ಯಾರೆ ಹೊಳೆ

ವರ್ಷಾಂತ್ಯದಲ್ಲಿ ಪತ್ರಿಕೆಗಳು ಅಚ್ಚುಮಾಡುವ ಮೆಚ್ಚಿನ ಪುಸ್ತಕಗಳ ಪಟ್ಟಿಗಳಿಗೆ ನಮ್ಮ ಸಾಹಿತ್ಯಲೋಕದಲ್ಲಿ ಒದಗಿರುವ ಗೌರವವು ಅವುಗಳ ಯೋಗ್ಯತೆಯನ್ನು ಬಹುದೂರ ಮೀರಿದುದೆಂದೂ, ಅದೇ ಕಾಲಕ್ಕೆ ತಾಲ್ಲೂಕು ಊರುಗಳ ಶಾಖಾ ಗ್ರಂಥಾಲಯಗಳಲ್ಲಿಯೂ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿಯೂ ಮೇಜಿನ ಆಚೆ ಕುಳಿತವರು ಈಚೆ ನಿಂತವರ ಕೈಗೆ ಪುಸ್ತಕವನ್ನಿಡುತ್ತ ಆಡುವ ಎರಡು ಮಾತನ್ನು ವಿಮರ್ಶೆಯೆಂದು ಕರೆಯಲು ಯಾರೂ ಒಪ್ಪದಿರುವುದು ಅನ್ಯಾಯವೆಂದೂ ನಾನು ಬಹುಕಾಲದಿಂದ ನಂಬಿಕೊಂಡಿದ್ದೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ವಾಚನಾಲಯಗಳಲ್ಲಿ ಕಳೆದ ಕೆಲವು ದಿನಗಳು ಈ ನಂಬಿಕೆಯನ್ನು ಇನ್ನಷ್ಟು ದೃಢಪಡಿಸಿದುವು.

ಈ ಗ್ರಂಥಾಲಯಗಳ ಪೂರ್ವೋತ್ತರವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1965ರ ಗ್ರಂಥಾಲಯ ಅಧಿನಿಯಮ, ಆಸ್ತಿ ತೆರಿಗೆಯೊಡನೆ ಸಂಗ್ರಹವಾಗುವ ಗ್ರಂಥಾಲಯ ಕರ, ಸಗಟು ಖರೀದಿಯ ಹಳೆಯ ಗೋಳು, 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದುದು, ಮರುವರ್ಷ ಮಕ್ಕಳಿಗಾಗಿ ‘ಓದುವ ಬೆಳಕು’ ಆರಂಭವಾದುದು, ಇವೆಲ್ಲ ಈ ವಿಷಯದಲ್ಲಿ ಆಸ್ಥೆಯುಳ್ಳವರು ಬಲ್ಲ ಸಂಗತಿಗಳೇ. ಬೆಂಚುಗಳನ್ನು ಬೆಳಿಗ್ಗೆ ದಿನಪತ್ರಿಕೆಯವರೂ ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ತರುಣ ತರುಣಿಯರೂ ತುಂಬುವರೆಂಬುದನ್ನೂ ಎಲ್ಲರೂ ಕಂಡಿದ್ದಾರೆ. ನನ್ನ ಪ್ರಸ್ತಾಪ ಉಳಿದ ಕೆಲವರನ್ನು ಕುರಿತದ್ದು: ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಬಂದು, ಗ್ರಂಥಕರ್ತನ ಹೆಸರನ್ನಾಗಲಿ ಪುಸ್ತಕದ ಹೆಸರನ್ನಾಗಲಿ ಹೇಳದೆ, ‘ಏನಾರ ಚೆನ್ನಾಗಿರದು ಇದ್ರೆ ಕೊಡ್ರಿ’ ಎಂದು ಕೈಚಾಚುವವರು. ಆ ಕ್ಷಣದಲ್ಲಿ ಕಪಾಟಿನ ಮುಂದೆ ನಿಂತ ಮೇಲ್ವಿಚಾರಕರು ತಮ್ಮ ಈಚಿನ ಓದಿನಿಂದ ಒಂದನ್ನು ಆರಿಸಿ ತೆಗೆಯಬೇಕಾಗುತ್ತದೆ. ತೆಗೆದುದನ್ನು ಕೊಡುವಾಗ ಏನನ್ನಾದರೂ ಹೇಳಲೂ ಬೇಕಾಗುತ್ತದೆ.

ಹೊನ್ನಾಳಿ ತಾಲ್ಲೂಕಿನ ಹೊಳೆದಂಡೆಯ ಊರೊಂದರಲ್ಲಿ ಹಾಗೆ ಬಂದ, ನಡುವಯಸ್ಸು ದಾಟಿದ ರೈತರೊಬ್ಬರಿಗೆ ಮೇಲ್ವಿಚಾರಕಿಯು ವಸುಧೇಂದ್ರರ ‘ತೇಜೋ-ತುಂಗಭದ್ರಾ’ ಕಾದಂಬರಿಯನ್ನು ತೆಗೆದುಕೊಟ್ಟರು. 2019ರಲ್ಲಿ ಪ್ರಕಟವಾದ ಈ ಗ್ರಂಥದ ಗಾತ್ರವನ್ನು ಕಂಡು ಆತನು ತುಸು ಹಿಂಜರಿದಂತೆ ತೋರಿದಾಗ ಆಕೆ ಹೇಳಿದುದು ಇಷ್ಟು: ‘ನಮ್ಮ ಹೊಳೆ ಕಥೆ ಐತೆ ಅಣ್ಣಾ. ಮೊದ್ಲು ಬ್ಯಾರೆ ಹೊಳೆ ಬರ್ತತೆ, ಬೇಜಾರು ಮಾಡ್ಕಬ್ಯಾಡ್ರಿ.’ ಆತನು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದನು. ಆಕೆ ಖಾತೆಯಲ್ಲಿ ಬರೆದುಕೊಂಡರು. ನಾನು ಅಲ್ಲಿಂದ ಹೊರಟ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಈ ಕಾದಂಬರಿಯನ್ನು ಕುರಿತು ನಾನು ಓದಿದ ದೀರ್ಘ ಲೇಖನಗಳಲ್ಲಿ ಇಷ್ಟು ಖಚಿತವಾದ ಮಾತು ಒಂದೂ ಇಲ್ಲವೆಂದು ನನಗೆ ಕ್ರಮೇಣ ಮನದಟ್ಟಾಯಿತು.

ಮೊದಲು ‘ಹೊಳೆ’ ಎಂಬ ಪದವನ್ನೇ ನೋಡೋಣ. ಆಕೆ ನದಿಯೆನ್ನಲಿಲ್ಲ, ತುಂಗಭದ್ರೆಯೆಂದು ಹೆಸರು ಹಿಡಿದು ಕರೆಯಲೂ ಇಲ್ಲ. ಕೂಡಲಿಯಲ್ಲಿ ತುಂಗೆ ಭದ್ರೆಗಳು ಒಂದಾದ ಮೇಲೆ ಆ ಜೋಡುಹೆಸರಿನ ಪ್ರವಾಹವು ಕಾಣುವ ಮೊದಲ ದೊಡ್ಡ ಊರುಗಳಲ್ಲಿ ಹೊನ್ನಾಳಿಯೂ ಒಂದು. ಅಲ್ಲಿಯ ಜನಕ್ಕೆ ಅದು ಎತ್ತಿಗೆ ಮೈತೊಳೆಯುವ, ಗದ್ದೆಗೆ ನೀರೆತ್ತುವ, ಮಳೆಗಾಲದಲ್ಲಿ ಭಯ ಹುಟ್ಟಿಸುವ ಹೊಳೆ. ಕಾದಂಬರಿಯಲ್ಲಿ ಬರುವ ತೆಂಬಕಪುರವೆಂಬ ಊರೋ ವಿಜಯನಗರದ ಕಾಲದ್ದು; ಇಲ್ಲಿಂದ ಬಹಳ ಕೆಳಗಿನ ದಂಡೆಯದು. ಭೂಗೋಳವನ್ನು ಹಿಡಿದು ಜಗ್ಗಿದರೆ ಆಕೆಯ ‘ನಮ್ಮ’ ಎಂಬ ವಿಶೇಷಣವು ನಿಲ್ಲದೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಆ ಕಾದಂಬರಿಯಲ್ಲಿ ಬರುವ ಲೆಂಕರನ್ನು, ಅರಸನಿಗಾಗಿ ಪ್ರಾಣವನ್ನು ಮೀಸಲಿಟ್ಟವರ ಆ ಘೋರವ್ರತವನ್ನು, ಅದರ ಬೆನ್ನಿಗೇ ಬರುವ ಹೆಣ್ಣಿನ ಗತಿಯನ್ನು, ಹೊಲದ ಬದುವಿನಲ್ಲಿ ವೀರಗಲ್ಲನ್ನೂ ಮಾಸ್ತಿಗಲ್ಲನ್ನೂ ದಿನಬೆಳಗಾದರೆ ಕಾಣುತ್ತಿರುವವನು ಓದುವ ಬಗೆ ಬೇರೆ. ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯಂಥ ಊರಿನಲ್ಲಿ ಚರಿತ್ರೆಯು ಶಾಸನವಾಗಿ, ಕಲ್ಲಾಗಿ ಬಯಲಿನಲ್ಲೇ ನಿಂತಿದೆ. ನೀರಿನ ದೂರವು ಎಷ್ಟೇ ಇರಲಿ, ಕಲ್ಲಿನ ದೂರವಿಲ್ಲ. ಆದುದರಿಂದ ‘ನಮ್ಮ’ ಎಂಬುದು ನಿಂತೇ ನಿಲ್ಲುತ್ತದೆ.

ಇನ್ನು ಎರಡನೆಯ ವಾಕ್ಯ. ಅದೇ ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು. ಪುಸ್ತಕವನ್ನು ಕೊಡುವವರು ಸಾಮಾನ್ಯವಾಗಿ ಅದರ ಸುಖವನ್ನು ಮಾತ್ರ ಹೇಳುತ್ತಾರೆ; ಈಕೆ ಶ್ರಮವನ್ನೂ ಹೇಳಿದರು. ಕಾದಂಬರಿಯ ಒಂದು ದಡ ಪೋರ್ಚುಗಲ್ಲಿನ ಲಿಸ್ಬನ್. ಅಲ್ಲಿ ತೇಜೋ ನದಿಯ ತೀರದಲ್ಲಿ ಗೇಬ್ರಿಯಲ್ ಎಂಬ ತರುಣನೂ ಬೆಲ್ಲಾ ಎಂಬ ಯಹೂದಿ ಹುಡುಗಿಯೂ ಪ್ರೀತಿಸುತ್ತಾರೆ, ಮತದ್ವೇಷವು ಆಕೆಯ ಜನದ ಬದುಕನ್ನು ಅಲುಗಿಸುತ್ತದೆ, ಹಡಗುಗಳು ಮೆಣಸಿನ ಆಸೆಯಿಂದ ಇತ್ತ ಹೊರಡುತ್ತವೆ. ಇನ್ನೊಂದು ದಡದಲ್ಲಿ ತುಂಗಭದ್ರೆಯ ಪಕ್ಕದ ಹಂಪಮ್ಮ, ಕೇಶವ. ಎರಡೂ ಗೋವೆಯಲ್ಲಿ ಸಂಧಿಸುತ್ತವೆ. ಭತ್ತದ ಗದ್ದೆಯಿಂದ ಬಂದ ಓದುಗನೊಬ್ಬನು, ಎಂದೂ ಕೇಳದ ಹೆಸರುಗಳು ತುಂಬಿದ ಹಾಳೆಗಳಲ್ಲಿ ದಣಿದು ಪುಸ್ತಕವನ್ನು ಮಡಚಿಡುವ ಸಂಭವವು ಎಲ್ಲಿದೆಯೆಂಬುದನ್ನು ಆಕೆ ಕರಾರುವಾಕ್ಕಾಗಿ ಬಲ್ಲರು. ಬಲ್ಲುದರಿಂದಲೇ ಆ ಅಪಾಯದ ಸ್ಥಳದಲ್ಲಿ ಒಂದು ಕಲ್ಲನ್ನು ನೆಟ್ಟರು. ಅದಕ್ಕಿಂತಲೂ ಮಿಗಿಲಾದುದು ಆ ಅಪರಿಚಿತ ಭಾಗಕ್ಕೆ ಆಕೆ ಕೊಟ್ಟ ಹೆಸರು. ‘ಬೇರೆ ದೇಶ ಬರ್ತತೆ’ ಎಂದಿದ್ದರೆ ಸುಳ್ಳಾಗುತ್ತಿರಲಿಲ್ಲ, ಆದರೆ ಓದುಗನು ಪರದೇಶಿಯಾಗಿಬಿಡುತ್ತಿದ್ದನು. ‘ಬ್ಯಾರೆ ಹೊಳೆ’ ಎಂದೊಡನೆ ಲಿಸ್ಬನ್ನಿನ ನೀರೂ ಹೊಳೆಯಾಯಿತು. ಅಲ್ಲಿಯೂ ದಂಡೆಯುಂಟು, ದೋಣಿಯುಂಟು, ದಂಡೆಯ ಮೇಲೆ ಅಳುವವರುಂಟು ಎಂಬುದು ಓದುವ ಮೊದಲೇ ಆತನ ಅರಿವಿಗೆ ಬಂದಿತು. ಎರಡು ನದಿಗಳ ಹೆಸರನ್ನು ಒಂದು ಗೆರೆಯಿಂದ ಜೋಡಿಸಿ ಶೀರ್ಷಿಕೆಯಿಟ್ಟ ಗ್ರಂಥಕರ್ತನ ಸಮಗ್ರ ವಿನ್ಯಾಸವನ್ನು ಇದಕ್ಕಿಂತ ಸಂಕ್ಷೇಪವಾಗಿ ನಿರೂಪಿಸುವುದು ಸಾಧ್ಯವೆ?

ಆ ಮಾತಿನಲ್ಲಿ ಇಲ್ಲದಿರುವುದನ್ನೂ ಗಮನಿಸಬೇಕು. ಅದರಲ್ಲಿ ಹೊಗಳಿಕೆಯಿಲ್ಲ. ಅದ್ಭುತ, ಅನನ್ಯ, ಮೈಲಿಗಲ್ಲು ಮೊದಲಾದ ಯಾವ ವಿಶೇಷಣವೂ ಇಲ್ಲ. ನಮ್ಮ ಬೆನ್ನುಡಿಕಾರರು ಈ ಪದಗಳನ್ನು ಅರ್ಧ ಶತಮಾನದಿಂದ ಎಷ್ಟು ಉದಾರವಾಗಿ ವೆಚ್ಚಮಾಡಿದ್ದಾರೆಂದರೆ ಈಗ ಅವುಗಳಿಂದ ಯಾವ ಪುಸ್ತಕವೂ ಇನ್ನೊಂದರಿಂದ ಪ್ರತ್ಯೇಕವಾಗಿ ಕಾಣದು. ಬೆನ್ನುಡಿಯ ಲೇಖಕನು ತನ್ನ ಓದುಗನನ್ನು ಎಂದೂ ಎದುರುಗೊಳ್ಳುವುದಿಲ್ಲ. ಮೇಲ್ವಿಚಾರಕಿಯೋ ಪುಸ್ತಕವು ಹಿಂದಿರುಗುವ ದಿನ ಅದೇ ಮುಖವನ್ನು ಅದೇ ಮೇಜಿನ ಮುಂದೆ ನೋಡಬೇಕು. ಮಾತು ಹುಸಿಯಾಗಿದ್ದರೆ ಮುಂದಿನ ಸಲ ಆ ಕೈ ಚಾಚುವುದಿಲ್ಲ. ವಿಮರ್ಶೆಗೆ ಇರಬೇಕಾದ ಹೊಣೆಯು ಇಷ್ಟು ಪ್ರತ್ಯಕ್ಷವಾಗಿ ಬೇರೆಲ್ಲಿಯೂ ಇರುವುದನ್ನು ನಾನು ಕಾಣೆ.

ಈ ಸ್ಥಳದಲ್ಲಿ ಎರಡು ಪಂಗಡದವರೊಡನೆ ನನಗೆ ವಿವಾದವುಂಟು. ಗ್ರಂಥಾಲಯದ ಸಿಬ್ಬಂದಿಯು ತಟಸ್ಥರಾಗಿರಬೇಕು, ಕೇಳಿದ ಪುಸ್ತಕವನ್ನು ಕೊಡುವುದಷ್ಟೇ ಅವರ ಧರ್ಮ, ರುಚಿಯನ್ನು ತಿದ್ದುವುದು ಅಧಿಕಾರದ ಅತಿಕ್ರಮವೆಂದು ವಾದಿಸುವವರು ಮೊದಲನೆಯವರು. ಅವರು ಪ್ರಮಾಣವಾಗಿ ಎತ್ತುವುದು ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಡಾ. ಎಸ್. ಆರ್. ರಂಗನಾಥನ್ನರ ಹೆಸರನ್ನು. ಆದರೆ 1931ರಲ್ಲಿ ಪ್ರಕಟವಾದ ರಂಗನಾಥನ್ನರ ಪಂಚಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವಿರಬೇಕೆಂದು ಹೇಳಿದರೆ, ಮೂರನೆಯದು ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನಿರಬೇಕೆಂದು ಸಾರುತ್ತದೆ. ಆ ಮೂರನೆಯ ಸೂತ್ರವು ನೆರವೇರಬೇಕಾದರೆ ನಡುವೆ ನಿಂತು ಕೈಯಿಂದ ಕೈಗೆ ಸೇರಿಸುವ ಒಬ್ಬ ಮನುಷ್ಯನು ಬೇಕೆಂಬುದರಲ್ಲಿ ಆ ಮಹನೀಯರಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಓದುಗನಿಗೂ ಗ್ರಂಥಕ್ಕೂ ವೈಯಕ್ತಿಕವಾಗಿ ಸಂಬಂಧವನ್ನು ಬೆಸೆಯುವ ಸೇವೆಯನ್ನು ಅವರು ಗ್ರಂಥಾಲಯದ ಪರಮಪ್ರಯೋಜನವೆಂದೇ ಎಣಿಸಿದರು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು 1972ರಲ್ಲಿ ತೀರಿಕೊಂಡ ಆ ಹಿರಿಯರನ್ನು ತಟಸ್ಥತೆಯ ಸಾಕ್ಷಿಯಾಗಿ ನಿಲ್ಲಿಸುವವರು ಅವರನ್ನು ಓದಿಲ್ಲ.

ಎರಡನೆಯ ಪಂಗಡವು ಹೆಚ್ಚು ಸೂಕ್ಷ್ಮವಾದುದು. ಅದರಲ್ಲಿ ನನ್ನ ಮಿತ್ರರೂ ಇದ್ದಾರೆ. ‘ನಮ್ಮ ಹೊಳೆ’ ಎಂದು ಪುಸ್ತಕವನ್ನು ಕೊಡುವುದು ಓದುಗನನ್ನು ಅವನ ಅಂಗಳದಲ್ಲಿಯೇ ಕಟ್ಟಿಹಾಕುವ ಕ್ರಮ, ಸಾಹಿತ್ಯವು ನಮ್ಮನ್ನು ನಮ್ಮಿಂದ ಹೊರಗೊಯ್ಯಬೇಕು, ಪರಿಚಯದ ಆಸೆ ತೋರಿಸಿ ಓದಿಸುವುದು ಮಗುವಿಗೆ ಬೆಲ್ಲ ತೋರಿಸಿ ಕರೆದಂತೆ ಎಂದು ಅವರ ಆಕ್ಷೇಪ. ತತ್ತ್ವವಾಗಿ ಇದನ್ನು ನಾನು ಒಪ್ಪುತ್ತೇನೆ. ಆದರೆ ಇದೇ ಮಿತ್ರರು ತಮ್ಮ ಪಟ್ಟಿಗಳನ್ನು ಮಾಡುವಾಗ ಅನುಸರಿಸುವ ಕ್ರಮವನ್ನು ಸ್ವಲ್ಪ ಪರಿಶೀಲಿಸೋಣ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಕನ್ನಡಕ್ಕೆ ಅದು ನಿಜವಾದ ಸಂತೋಷದ ದಿನ, ಅನುವಾದಕಿ ದೀಪಾ ಭಾಸ್ತಿಯವರ ಶ್ರಮವೂ ಸ್ಮರಣೀಯವಾದುದು. ಆ ಕಥೆಗಳಾದರೋ ದಶಕಗಳಿಂದ ಕನ್ನಡದಲ್ಲಿಯೇ ಇದ್ದುವು. ಹಾಸನದ ಆ ಲೇಖಕಿಯನ್ನು ಅದುವರೆಗೆ ಒಂದು ಪಟ್ಟಿಯಲ್ಲಿಯೂ ಕಾಣಿಸದವರು ಆ ವಾರವೇ ಪಟ್ಟಿಯ ತಲೆಯಲ್ಲಿರಿಸಿದರು. ಹೊಳೆದಂಡೆಯ ಹೆಂಗಸು ತನ್ನ ಊರಿನವನಿಗೆ ‘ನಮ್ಮ’ ಎಂದರೆ ಸಂಕುಚಿತತೆ, ಲಂಡನ್ನಿನವರು ಮೆಚ್ಚಿದ ಮೇಲೆ ನಾವು ‘ನಮ್ಮ’ ಎಂದರೆ ವೈಶಾಲ್ಯ: ಈ ತರ್ಕವು ನನಗೆ ಅರ್ಥವಾಗುವುದಿಲ್ಲ. ಮೇಲಾಗಿ ಆಕೆ ಓದುಗನನ್ನು ಕರೆದೊಯ್ದುದು ಅಂಗಳಕ್ಕಲ್ಲ. ಐದು ಶತಮಾನದ ಹಿಂದಿನ ಲಿಸ್ಬನ್ನಿಗೆ. ಅಂಗಳದ ಬಾಗಿಲಿನಿಂದಲ್ಲದೆ ಮನೆಯಿಂದ ಹೊರಡುವ ದಾರಿ ಯಾರಿಗಿದೆ?

ಹಾಗೆಂದು ಆ ಮಾತನ್ನು ಫಲಕದ ಮೇಲೆ ಬರೆದು ಎಲ್ಲ ಊರುಗಳಲ್ಲಿ ತೂಗುಹಾಕಿದರೆ ಅದು ಕೆಲಸಮಾಡದು. ಈ ನಾಲ್ಕು ತಾಲ್ಲೂಕುಗಳು ದಾವಣಗೆರೆ ಎಂಬ ಒಂದೇ ಜಿಲ್ಲೆಗೆ ಸೇರಿದುದು 1997ರಿಂದ ಈಚೆಗೆ. ಅದಕ್ಕೆ ಮೊದಲು ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಯನ್ನು ನೋಡುತ್ತಿದ್ದುವು, ಜಗಳೂರು ಚಿತ್ರದುರ್ಗವನ್ನು. ನ್ಯಾಮತಿಯಂತೂ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದುದು ತೀರ ಈಚೆಗೆ. ಚನ್ನಗಿರಿಯ ಅಡಿಕೆ ತೋಟದವರಿಗೆ ‘ನಮ್ಮ ಹೊಳೆ’ ಎಂದರೆ ಮನಸ್ಸು ಭದ್ರಾ ನಾಲೆಯತ್ತ ಹೋಗುತ್ತದೆ. ಅಲ್ಲಿ ಆ ಮಾತು ಅರ್ಧ ಸಲ್ಲುತ್ತದೆ. ಜಗಳೂರಿನಲ್ಲಿ ಅದು ಸಲ್ಲುವುದೇ ಇಲ್ಲ. ಮಳೆ ತಪ್ಪಿದರೆ ಬದುಕು ತಪ್ಪುವ, ಭದ್ರಾ ಮೇಲ್ದಂಡೆ ಯೋಜನೆಯ ನೀರಿಗಾಗಿ ವರ್ಷಾನುವರ್ಷ ಕಾದಿರುವ ಆ ಬಯಲುಸೀಮೆಯಲ್ಲಿ ‘ನಮ್ಮ ಹೊಳೆ ಕಥೆ’ ಎಂದು ಯಾರಾದರೂ ಪುಸ್ತಕವನ್ನು ನೀಡಿದರೆ ಅದು ನೋಯಿಸುವ ಮಾತಾದೀತು.

ಜಗಳೂರು ಕಡೆಯ ಒಂದು ಓದುಮನೆಯಲ್ಲಿ ನನಗೆ ಸಿಕ್ಕ ಶಿಫಾರಸು ಬೇರೆಯದೇ ಆಗಿತ್ತು. ಅಲ್ಲಿಯವರು ತೆಗೆದುದು ಕುಂ. ವೀರಭದ್ರಪ್ಪನವರ ‘ಅರಮನೆ’ಯನ್ನು. 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಗ್ರಂಥವನ್ನು ಬೆಂಗಳೂರಿನ ಅನೇಕ ವಿದ್ಯಾವಂತರು ಅದರ ನಿಲ್ಲದ ವಾಕ್ಯಗಳಿಗೂ ಪ್ರಾಂತ್ಯದ ನುಡಿಗೂ ಹೆದರಿ ಅರ್ಧಕ್ಕೆ ಬಿಟ್ಟುದನ್ನು ಬಲ್ಲ ನಾನು, ಇದು ಕಷ್ಟವಲ್ಲವೆ ಎಂದು ಕೇಳಿದೆ. ‘ಬಾಯಿಬಿಟ್ಟು ಓದ್ರಿ, ನಮ್ ಕಟ್ಟೆ ಮ್ಯಾಲೆ ಕುಂತೋರು ಮಾತಾಡ್ದಂಗೆ ಐತೆ’ ಎಂದರು. ಲೇಖಕರ ಕೊಟ್ಟೂರು ಅಲ್ಲಿಂದ ಬಹು ದೂರವಲ್ಲ. ಪಂಡಿತರು ಶೈಲಿಯ ಸಮಸ್ಯೆಯೆಂದು ಹತ್ತು ಪುಟ ಬರೆದುದು ಅಲ್ಲಿ ಸಮಸ್ಯೆಯೇ ಅಲ್ಲ. ಕಣ್ಣಿಗೆ ಕಠಿಣವಾದುದು ಕಿವಿಗೆ ಸುಲಭವಾಗಿದೆ. ಕಷ್ಟ, ಸುಲಭ ಎಂಬ ಮಾತುಗಳನ್ನು ಊರಿನ ಹೆಸರಿಲ್ಲದೆ ಬಳಸುವುದನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ.

ದೋಷಗಳಿಲ್ಲವೆಂದಲ್ಲ. ಕೊಡುವ ಕೈಗೆ ಕಾದಂಬರಿಯ ಮೇಲಿರುವ ಪಕ್ಷಪಾತವು ಅತಿಯಾದುದು. ಕಥಾಸಂಕಲನವು ಅಪರೂಪ, ಕವಿತೆಯನ್ನು ಯಾರಾದರೂ ಯಾರಿಗಾದರೂ ಕೊಟ್ಟುದನ್ನು ನಾನು ನೋಡಲೇ ಇಲ್ಲ. ಸೂರಗೊಂಡನಕೊಪ್ಪದ ಸುತ್ತಲಿನ ಲಂಬಾಣಿ ತಾಂಡಾಗಳಿಂದ ಬರುವ ಹುಡುಗಿಗೆ ‘ನಮ್ಮ’ ಎಂದು ಕೊಡಬಹುದಾದ ಪುಸ್ತಕಗಳು ಕಪಾಟಿನಲ್ಲಿ ಬೆರಳೆಣಿಕೆಯಷ್ಟೂ ಇಲ್ಲ. ಆ ಕೊರತೆ ಕೊಡುವವರದಲ್ಲ, ಕೊಳ್ಳುವವರದು.

ಇನ್ನೊಂದು ಕೊರತೆಯನ್ನು ಹೇಳದಿದ್ದರೆ ಮಾತು ಅಪೂರ್ಣವಾದೀತು. ಈಚಿನ ಓದು ಎಂಬ ಗಡಿಯೊಳಗೆ ಹಳೆಯದಕ್ಕೆ ಪ್ರವೇಶವಿಲ್ಲ. ‘ಅನುಭವಾಮೃತ’ದ ಕರ್ತೃವಾದ ಮಹಲಿಂಗರಂಗನನ್ನು ಜಗಳೂರಿನವನೆಂದು ಹೇಳುತ್ತಾರೆ; ಸಂಸ್ಕೃತವನ್ನರಿಯದವರಿಗೆ ವೇದಾಂತವನ್ನು ಕನ್ನಡದ ಷಟ್ಪದಿಯಲ್ಲಿ ಎಟುಕಿಸಲು ಹೊರಟ ಅವನು, ಯೋಚಿಸಿ ನೋಡಿದರೆ, ಮೇಜಿನ ಆಚೆ ಕುಳಿತು ಕೊಡುವವರ ಕುಲದವನೇ. ಅವನ ಪುಸ್ತಕವನ್ನು ಅವನ ಊರಿನವರ ಕೈಗೇ ಇಡುತ್ತ ಏನು ಹೇಳಬೇಕು? ಹಿಂದಿರುಗುವಾಗ ಬಸ್ಸಿನಲ್ಲಿ ಕುಳಿತು ನಾನೇ ಅಂಥದೊಂದು ಮಾತನ್ನು ಹೊಂದಿಸಲೆಳಸಿದೆ. ದಾವಣಗೆರೆ ಬರುವಷ್ಟರಲ್ಲಿ ನಾಲ್ಕೈದನ್ನು ಬರೆದು ಹೊಡೆದುಹಾಕಿದ್ದೆ; ಒಂದೊಂದೂ ಬೆನ್ನುಡಿಯ ಧಾಟಿಯಲ್ಲಿತ್ತು. ಮುಂದಿನ ಸಲ ಹೋದಾಗ ಅದನ್ನು ‘ಅರಮನೆ’ಯನ್ನು ತೆಗೆದುಕೊಟ್ಟವರನ್ನೇ ಕೇಳಬೇಕೆಂದಿದ್ದೇನೆ.