ಸ್ಟೀಫನ್ಸ್ ಪಾದ್ರಿಗಳ ಕ್ರಿಸ್ತಪುರಾಣ: ಒಂದು ವಿಚಾರ

1640ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ 'ಆರ್ತೆ ದ ಲಿಂಗ್ವಾ ಕನಾರಿಂ' ಎಂಬ ವ್ಯಾಕರಣದ ಹೆಸರನ್ನು ಕೇಳಿದ ಕನ್ನಡಿಗನು ಅದನ್ನು ಕನ್ನಡದ ವ್ಯಾಕರಣವೆಂದೇ ಭ್ರಮಿಸುವುದು ಸಹಜ. ನಾನೂ ಹಾಗೆಯೇ ಭ್ರಮಿಸಿದ್ದೆನು. ಪೋರ್ಚುಗೀಸರು ಕೊಂಕಣಿಯನ್ನು ಆ ಹೆಸರಿನಿಂದ ಕರೆಯುತ್ತಿದ್ದರು. ಅದರ ಕರ್ತೃ ತಾಮಸ್ ಸ್ಟೀಫನ್ಸ್ ಪಾದ್ರಿಗಳು (1549–1619) ಆಂಗ್ಲರು. ಗ್ರಂಥವು ಅಚ್ಚಾಗುವ ವೇಳೆಗೆ ಅವರು ಗತಿಸಿ ಇಪ್ಪತ್ತೊಂದು ವರ್ಷಗಳಾಗಿದ್ದವು.

ವಿಲ್ಟ್‌ಷೈರ್ ಪ್ರಾಂತದಲ್ಲಿ ಜನಿಸಿದ ಸ್ಟೀಫನ್ಸರು ರೋಮಿನ ಧರ್ಮಪೀಠಕ್ಕೆ ನಿಷ್ಠರಾದವರು. ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ ಆ ನಿಷ್ಠೆಯು ಆಪತ್ತಿಗೆ ದಾರಿಯಾಗಿತ್ತು. ಅವರ ಮಿತ್ರ ತಾಮಸ್ ಪೌಂಡನು ಅದಕ್ಕಾಗಿ ದೀರ್ಘಕಾಲ ಸೆರೆವಾಸವನ್ನು ಅನುಭವಿಸಿದನು. ಸ್ಟೀಫನ್ಸರು 1575ರಲ್ಲಿ ರೋಮಿನಲ್ಲಿ ಜೆಸ್ವಿಟ್ ಸಂಘವನ್ನು ಸೇರಿ, 1579ರ ಅಕ್ಟೋಬರಿನಲ್ಲಿ ಗೋವೆಗೆ ಬಂದಿಳಿದರು. ತಾಯ್ನಾಡಿನ ಮತಪೀಡೆಯಿಂದ ದೂರ ಸರಿದು ಬಂದವರು ಇಲ್ಲಿ ಮತಪೀಡೆ ನಡೆಸುತ್ತಿದ್ದ ಪ್ರಭುತ್ವದ ನೆರಳಿನಲ್ಲಿಯೇ ನಾಲ್ವತ್ತು ವರ್ಷ ಬಾಳಿದರು. ಅವರು ದುಡಿದ ಸಾಲಸೇಟಿ ಪ್ರಾಂತದ ದೇವಾಲಯಗಳು 1567ರಲ್ಲಿಯೇ ನೆಲಸಮವಾಗಿದ್ದವು. ಅವರ ಕಾವ್ಯವನ್ನು ತೂಗುವವರು ಈ ಸಂಗತಿಯನ್ನು ಬದಿಗಿರಿಸಲಾಗದು.

1616ರಲ್ಲಿ ರಾಚೋಲಿನಲ್ಲಿ ಮುದ್ರಿತವಾದ 'ಕ್ರಿಸ್ತಪುರಾಣ'ವು ಸುಮಾರು 11,000 ಓವಿಗಳ ಮರಾಠಿ ಕಾವ್ಯ. ನಡುನಡುವೆ ಕೊಂಕಣಿಯ ನುಡಿಗಳು ಬೆರೆತಿವೆ. ಜ್ಞಾನೇಶ್ವರರ ಗ್ರಂಥಕ್ಕೂ ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಳೆಯರ ಹಾಡಿಗೂ ಸಮಾನವಾದ ಛಂದಸ್ಸು ಓವಿ. ಮನೆಮಾತು ತೆಲುಗು, ಓದಿದ್ದು ಕನ್ನಡ ಎಂಬಂತಹ ಕುಟುಂಬಗಳೇ ಹೆಚ್ಚಾಗಿರುವ ನಮ್ಮ ಕೆಂಚಾರ್ಲಹಳ್ಳಿಯ ಸೀಮೆಯವರಿಗೆ ಇಲ್ಲಿ ಪಾಲ್ಕುರಿಕೆ ಸೋಮನಾಥನ ನೆನಪಾಗದಿರದು. ಬಸವಣ್ಣನವರ ಚರಿತೆಗೆ ಅವನೂ ಪಂಡಿತರ ಚಂಪೂವನ್ನು ತೊರೆದು ಜನರ ದ್ವಿಪದಿಯನ್ನು ಹಿಡಿದನು. ಪದಗಳ ವಿಷಯದಲ್ಲಿಯೂ ಸ್ಟೀಫನ್ಸರು ಜಾಣರು: ಕ್ರೈಸ್ತರ ಸ್ವರ್ಗವನ್ನು 'ವೈಕುಂಠ'ವೆಂದೇ ಕರೆದರು. ಹಳೆಯ ಮಾತಿಗೆ ಹೊಸ ಅರ್ಥವನ್ನು ತುಂಬುವುದು ನಮಗೆ ಅಪರಿಚಿತವಲ್ಲ. 'ಜಂಗಮ', 'ಪ್ರಸಾದ' ಎಂಬ ಶಬ್ದಗಳು ಶರಣರ ಕೈಯಲ್ಲಿ ಏನಾದವೆಂಬುದನ್ನು ಬಲ್ಲೆವು. ಆದರೆ ಸಾಮ್ಯವು ಇಲ್ಲಿಗೆ ಮುಗಿಯಿತು. ಶರಣರು ತಮ್ಮವರೊಡನೆಯೇ ಸೆಣಸಿ ಆ ಅರ್ಥವನ್ನು ಗಳಿಸಿದರು. ಕೊನೆಗೆ ಅವರ ಬೆನ್ನಿಗೆ ರಾಜಶಕ್ತಿ ಇರಲಿಲ್ಲ, ಕಲ್ಯಾಣದಲ್ಲಿ ಎದುರಿಗೆ ಇದ್ದಿತು.

ಕೆಲವರು ಸ್ಟೀಫನ್ಸರ ಭಾಷಾಪ್ರೇಮವನ್ನು ಮಾತ್ರ ಕೊಂಡಾಡುತ್ತಾರೆ, ಕೆಲವರು ಮತಾಂತರದ ಸಾಧನವೆಂದು ಗ್ರಂಥವನ್ನೇ ತಳ್ಳಿಹಾಕುತ್ತಾರೆ. ಇಬ್ಬರೂ ಅದರ ಆರಂಭಭಾಗವನ್ನು ನಿಧಾನವಾಗಿ ಓದಬೇಕು. ಅಲ್ಲಿ ಹೊಸದಾಗಿ ಕ್ರೈಸ್ತನಾದ ಬ್ರಾಹ್ಮಣನೊಬ್ಬನು ಪಾದ್ರಿಯನ್ನು ಕೇಳುತ್ತಾನೆ: ಹಿಂದಿನ ಪುರಾಣಗಳನ್ನು ನಿಷೇಧಿಸಿದಿರಿ, ಅವುಗಳ ಬದಲಿಗೆ ನಮಗೆ ಓದಲು ಏನನ್ನು ಕೊಟ್ಟಿರಿ? ಆ ಪ್ರಶ್ನೆಗೆ ಉತ್ತರವೇ ಈ ಕಾವ್ಯ. ಕಸಿದುಕೊಂಡವರ ಪಕ್ಷದ ಕವಿಯೇ ಕಸಿದುಕೊಂಡ ಸಂಗತಿಯನ್ನು ಕಾವ್ಯದ ಬಾಗಿಲಲ್ಲಿ ನಿಲ್ಲಿಸಿದ್ದಾನೆ. ಅದು ಪ್ರಾಮಾಣಿಕತೆಯೋ, ಉಪಾಯವೋ? ಎರಡೂ ಇರಬಹುದೆಂದೇ ನನ್ನ ಎಣಿಕೆ. ಆದರೂ ಬೋಧನೆಗಾಗಿಯೇ ಬರೆದ ನೂರಾರು ಓವಿಗಳಿಗಿಂತ ಈ ಒಂದು ಸಂವಾದವು ಹೆಚ್ಚು ಜೀವಂತವಾಗಿದೆ.

1684ರಲ್ಲಿ ಗೋವೆಯ ಪ್ರಭುತ್ವವು ದೇಶಭಾಷೆಯನ್ನೇ ತೊಡೆದುಹಾಕಲು ಆಜ್ಞೆ ಹೊರಡಿಸಿತು. 1616, 1649, 1654ರ ಮುದ್ರಣಗಳ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆದರೆ ಗೋವೆಯನ್ನು ಬಿಟ್ಟು ನಮ್ಮ ಕರಾವಳಿಗೆ ಬಂದ ಕ್ರೈಸ್ತ ಕುಟುಂಬಗಳು ಪುರಾಣದ ಕೈಬರಹದ ಪ್ರತಿಗಳನ್ನು ಕಾಪಾಡಿಕೊಂಡಿದ್ದವು. ಅಂತಹ ಪ್ರತಿಗಳ ಆಧಾರದಿಂದ ಜೋಸೆಫ್ ಸಲ್ದಾನ್ಹರು 1907ರಲ್ಲಿ ಮಂಗಳೂರಿನಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿದರು.