ಎಲ್ಲ ಕಂಪ್ಯೂಟರಿಗೂ ಒಗ್ಗುವ ಡಿಸ್ಕ್

ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಬಳಸಬೇಕಾದ ಹಾರ್ಡ್ ಡಿಸ್ಕ್ ಕೊಂಡವರಿಗೆ ಅಂಗಡಿಯವರೂ ಆಫೀಸಿನ ಗೆಳೆಯರೂ ಹೇಳುವುದು ಒಂದೇ ಮಾತು: ‘ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಬಿಡಿ, ಎಲ್ಲ ಕಡೆ ಓಪನ್ ಆಗುತ್ತೆ.’ ಮಾತು ಸುಳ್ಳಲ್ಲ. ಆದರೆ ಸಲಹೆ ಅರ್ಧಕ್ಕೇ ನಿಂತುಬಿಡುತ್ತದೆ ಎಂಬುದು ನನ್ನ ತಕರಾರು.

ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿಗಳಲ್ಲಿ ಎಕ್ಸ್‌ಫ್ಯಾಟ್ ಒಂದು. ಅದು ಬೇಕಾದದ್ದೇಕೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯ ಜೊತೆ ಬಂದ ಫ್ಯಾಟ್32 ಯಾವ ಯಂತ್ರಕ್ಕೂ ಅಪರಿಚಿತವಲ್ಲ. ಆದರೆ ಅದರಲ್ಲಿ 4 ಜಿಬಿ ಮುಟ್ಟುವ ಫೈಲ್ ಹಿಡಿಯುವುದಿಲ್ಲ. ಇವತ್ತು ಮದುವೆಯ ಮುಹೂರ್ತದ ವಿಡಿಯೊ ಒಂದೇ ಅದನ್ನು ಮೀರುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬರೆಯಗೊಡುವುದಿಲ್ಲ. ಮ್ಯಾಕ್‌ನ ಎಪಿಎಫ್‌ಎಸ್ ಆಗಲಿ, ಲಿನಕ್ಸಿನ ಇಎಕ್ಸ್‌ಟಿ4 ಆಗಲಿ ಹೆಚ್ಚುವರಿ ಸಾಫ್ಟ್‌ವೇರ್ ಹಾಕದೆ ವಿಂಡೋಸಿಗೆ ಅರ್ಥವಾಗುವುದಿಲ್ಲ. ಈ ಜಗಳದ ನಡುವೆ 2006ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಫ್ಯಾಟ್ ದೊಡ್ಡ ಫೈಲುಗಳ ತೊಡಕು ಬಿಡಿಸಿತು. 2010ರಲ್ಲಿ ಮ್ಯಾಕ್ ಅದನ್ನು ಒಪ್ಪಿಕೊಂಡಿತು. ಲಿನಕ್ಸ್ ಮಾತ್ರ ಬಹುಕಾಲ ಹೊರಗೇ ಉಳಿಯಿತು. ಅಡ್ಡಿಯಾಗಿದ್ದದ್ದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಪೇಟೆಂಟು. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಬಹಿರಂಗಪಡಿಸಿದ ಮೇಲೆ, 2020ರಲ್ಲಿ ಸ್ಯಾಮ್‌ಸಂಗ್ ಬರೆದ ಚಾಲಕ ತಂತ್ರಾಂಶ ಲಿನಕ್ಸ್ ಕರ್ನೆಲ್‌ನ 5.7ನೇ ಆವೃತ್ತಿಯಲ್ಲಿ ಸೇರಿತು. ಫೈಲ್ ಸಾಗಿಸುವ ಕೆಲಸಕ್ಕೆ ಇದಕ್ಕಿಂತ ಅನುಕೂಲವಾದದ್ದು ಸದ್ಯಕ್ಕಿಲ್ಲ.

ತೊಂದರೆ ಇರುವುದು ಸಾಗಿಸಲೆಂದು ತಂದ ಡಿಸ್ಕೇ ನಿಧಾನವಾಗಿ ಮನೆಯ ಭಂಡಾರವಾಗಿಬಿಡುವುದರಲ್ಲಿ. ಅಂಗಡಿಯವರು ಖಾತೆಗೆ ಏರಿಸುವ ಮೊದಲು ಕಚ್ಚಾ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವಂತೆ, ಎನ್‌ಟಿಎಫ್‌ಎಸ್ ಮತ್ತು ಇಎಕ್ಸ್‌ಟಿ4 ತಾವು ಮಾಡಹೊರಟ ಬದಲಾವಣೆಯನ್ನು ಮೊದಲು ಒಂದೆಡೆ ದಾಖಲಿಸುತ್ತವೆ. ನಡುವೆ ಕರೆಂಟು ಹೋದರೆ ಆ ದಾಖಲೆ ನೋಡಿ ಡಿಸ್ಕಿನ ಲೆಕ್ಕ ಸರಿಮಾಡಿಕೊಳ್ಳುತ್ತವೆ. ಎಕ್ಸ್‌ಫ್ಯಾಟ್‌ಗೆ ಈ ಏರ್ಪಾಡಿಲ್ಲ. ಬರೆಯುತ್ತಿರುವಾಗಲೇ ಕೇಬಲ್ ಕಿತ್ತರೆ ಆ ಒಂದು ಫೈಲ್ ಅಷ್ಟೇ ಅಲ್ಲ, ಫೋಲ್ಡರಿಗೆ ಫೋಲ್ಡರೇ ಕೆಡಬಹುದು. ಮಕ್ಕಳ ಹತ್ತು ವರ್ಷದ ಫೋಟೊಗಳಿಗೆ ಬೇರೆ ಪ್ರತಿಯೇ ಇಲ್ಲದೆ ಅಂಥ ಡಿಸ್ಕನ್ನು ನಂಬುವುದು ನನ್ನ ದೃಷ್ಟಿಯಲ್ಲಿ ದುಡುಕು.

ಜಾಗದ ಲೆಕ್ಕವೂ ಇದೆ. 32 ಜಿಬಿಗಿಂತ ದೊಡ್ಡ ಡಿಸ್ಕನ್ನು ವಿಂಡೋಸ್ ತಾನಾಗಿ ಎಕ್ಸ್‌ಫ್ಯಾಟ್ ಮಾಡಿದಾಗ ಜಾಗವನ್ನು 128 ಕೆಬಿಯ ತುಂಡುಗಳಾಗಿ ಹಂಚುತ್ತದೆ. ಒಂದು ಕೆಬಿಯ ಫೈಲೂ ಇಡೀ ತುಂಡನ್ನೇ ನುಂಗುತ್ತದೆ. ಅಂಥ ಒಂದು ಲಕ್ಷ ಫೈಲ್ ಇಟ್ಟರೆ 12 ಜಿಬಿಗೂ ಹೆಚ್ಚು ಹೋಯಿತು. ವಿಡಿಯೊದವರಿಗೆ ಇದು ಲೆಕ್ಕಕ್ಕಿಲ್ಲ, ಪ್ರೋಗ್ರಾಂ ಬರೆಯುವವರಿಗೆ ನಷ್ಟ. ಲಿನಕ್ಸಿನ ಫೈಲುಗಳಿಗಿರುವ ಮಾಲೀಕತ್ವ, ಅನುಮತಿಗಳ ವಿವರವನ್ನೂ ಎಕ್ಸ್‌ಫ್ಯಾಟ್ ಇಟ್ಟುಕೊಳ್ಳುವುದಿಲ್ಲ.

ಕನ್ನಡದವರಿಗೆ ಇನ್ನೊಂದು ತೊಡಕು, ಇದರ ಬಗ್ಗೆ ಯಾರೂ ಎಚ್ಚರಿಸಿದ್ದು ನಾನು ಕೇಳಿಲ್ಲ. ಎಕ್ಸ್‌ಫ್ಯಾಟ್‌ನಲ್ಲಿ ಫೈಲಿನ ಹೆಸರು 255 ಚಿಹ್ನೆಗಳವರೆಗೆ ಇರಬಹುದು. ಲಿನಕ್ಸಿನ ಇಎಕ್ಸ್‌ಟಿ4 ಎಣಿಸುವುದು ಬೈಟುಗಳನ್ನು, ಅದೂ 255. ಕನ್ನಡದ ಒಂದೊಂದು ಚಿಹ್ನೆಗೂ ಅಲ್ಲಿ ಮೂರು ಬೈಟು ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18 ಖರ್ಚಾಗುತ್ತದೆ. ಹಳೆಯ ಪುಸ್ತಕ ಸ್ಕ್ಯಾನ್ ಮಾಡಿ ಶೀರ್ಷಿಕೆ, ಲೇಖಕ, ಪ್ರಕಾಶಕ, ವರ್ಷ ಎಲ್ಲವನ್ನೂ ಹೆಸರಿಗೇ ಪೋಣಿಸುವವರ ಫೈಲುಗಳು ಎಕ್ಸ್‌ಫ್ಯಾಟ್ ಡಿಸ್ಕಿಗೆ ಸಲೀಸಾಗಿ ಹೋಗಿ, ಲಿನಕ್ಸ್ ಕಂಪ್ಯೂಟರಿಗೆ ಇಳಿಸುವಾಗ ಹೆಸರು ಉದ್ದವಾಯಿತೆಂದು ನಿಂತುಬಿಡುತ್ತವೆ. ಹೆಸರು ಚಿಕ್ಕದಿರಲಿ, ವಿವರ ಬೇರೆ ಪಟ್ಟಿಯಲ್ಲಿರಲಿ.

ಇಷ್ಟೆಲ್ಲದರಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುವುದು ಎಕ್ಸ್‌ಫ್ಯಾಟ್ ಮೇಲಲ್ಲ. ತನಗೆ ತಿಳಿಯದ ಡಿಸ್ಕ್ ಸಿಕ್ಕಿಸಿದಾಗ ವಿಂಡೋಸ್ ಹಲವು ಸಲ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತದೆ. ಮ್ಯಾಕ್ ಕೂಡ ‘ಈ ಡಿಸ್ಕ್ ಓದಲಾಗುತ್ತಿಲ್ಲ’ ಎಂದು ಹೇಳಿ ಪಕ್ಕದಲ್ಲೇ ಇನಿಶಿಯಲೈಸ್ ಗುಂಡಿ ಇಡುತ್ತದೆ. ಓದಲು ಬಾರದಿರುವುದು ತನಗೆ. ಆದರೆ ಅಳಿಸಲು ಕೇಳುವುದು ಇನ್ನೊಬ್ಬರ ಫೈಲುಗಳನ್ನು! ಆ ಡಿಸ್ಕಿನಲ್ಲಿ ಬೇರೆ ವ್ಯವಸ್ಥೆಯ ಫೈಲುಗಳಿರಬಹುದು ಎಂಬ ಒಂದು ಸಾಲು ಸೇರಿಸಿದ್ದರೆ ಎಷ್ಟೋ ಜನರ ಕೆಲಸ ಉಳಿಯುತ್ತಿತ್ತು.

ಎರಡು ಡಿಸ್ಕ್ ಇಟ್ಟುಕೊಳ್ಳಿ: ಓಡಾಟಕ್ಕೆ ಎಕ್ಸ್‌ಫ್ಯಾಟ್, ಮನೆಯಲ್ಲಿರುವುದಕ್ಕೆ ನಿಮ್ಮ ಕಂಪ್ಯೂಟರಿನದೇ ಫಾರ್ಮ್ಯಾಟ್. ಫಾರ್ಮ್ಯಾಟ್ ಕೇಳುವ ಆ ಕಿಟಕಿ ಎದುರಾದರೆ ಕ್ಯಾನ್ಸಲ್ ಒತ್ತಿ, ಡಿಸ್ಕನ್ನು ಮೊದಲು ಬಳಸಿದ್ದ ಕಂಪ್ಯೂಟರಿಗೇ ಸಿಕ್ಕಿಸಿ ನೋಡಿ.