ನಾಯಕನ ಹಿಂದಿನ ಊರು

ಯುದ್ಧಕಾಲದ ನಾಯಕತ್ವದ ಮಾತು ಬಂದಾಗಲೆಲ್ಲ ಜನ ನೆನೆಯುವುದು ಅರ್ಧ ನಿಮಿಷದ ಒಂದು ವಿಡಿಯೊವನ್ನು. 2022ರ ಫೆಬ್ರುವರಿ 25ರ ರಾತ್ರಿ, ರಷ್ಯಾದ ಸೇನೆ ಉಕ್ರೇನಿನ ಗಡಿ ದಾಟಿದ ಮರುದಿನ, ಅಧ್ಯಕ್ಷ ಝೆಲೆನ್‌ಸ್ಕಿ ಕೀವ್‌ನ ತಮ್ಮ ಕಚೇರಿಯ ಹೊರಗೆ ಬೀದಿಯಲ್ಲಿ ನಿಂತು ಮೊಬೈಲ್‌ನಲ್ಲಿ ಅದನ್ನು ಚಿತ್ರಿಸಿಕೊಂಡರು. ಅವರು ರಾಜಧಾನಿ ಬಿಟ್ಟು ಓಡಿದ್ದಾರೆಂಬ ವದಂತಿ ಹಬ್ಬಿತ್ತು. ಪಕ್ಕದಲ್ಲಿದ್ದ ಪ್ರಧಾನಿ ಡೆನಿಸ್ ಶ್ಮಿಹಾಲ್ ಮತ್ತಿತರರನ್ನು ಒಬ್ಬೊಬ್ಬರಾಗಿ ತೋರಿಸಿ, ಎಲ್ಲರೂ ಇಲ್ಲೇ ಇದ್ದೇವೆ ಎಂದು ತಿಳಿಸಿದರು.

ಆ ವಿಡಿಯೊದ ಗುಣವನ್ನು ಮೊದಲು ಒಪ್ಪಬೇಕು. ಅದರಲ್ಲಿ ಗೆಲುವಿನ ಭರವಸೆಯಿಲ್ಲ, ಶತ್ರುವಿಗೆ ಹಾಕಿದ ಸವಾಲಿಲ್ಲ. ಇರುವುದು ಸಾಕ್ಷ್ಯ. ಅಧಿಕಾರದಲ್ಲಿರುವವರು ಅಪಾಯದ ಜಾಗದಲ್ಲೇ ಇದ್ದಾರೆ ಎಂಬುದನ್ನು ಜನ ಕಣ್ಣಾರೆ ನೋಡಿದರು. 2019ರಲ್ಲಿ ಶೇ 73ರಷ್ಟು ಮತ ಪಡೆದು ಗೆದ್ದ ಈ ಮಾಜಿ ಹಾಸ್ಯನಟನ ಜನಪ್ರಿಯತೆ ಯುದ್ಧಕ್ಕೆ ಮುಂಚೆ ಸಾಕಷ್ಟು ಕುಸಿದಿತ್ತು. ಆ ರಾತ್ರಿಯ ನಂತರ ಟೀಕಾಕಾರರೂ ಅವರ ಜೊತೆ ನಿಂತರು.

ಆದರೆ ಇಲ್ಲಿಂದ ಹುಟ್ಟಿದ ಓದು ನನಗೆ ಒಪ್ಪಿಗೆಯಿಲ್ಲ. ಒಬ್ಬ ಧೀರ, ಅವನ ಹಿಂದೆ ಒಂದು ದೇಶ ಎಂಬ ಈ ಕಥೆ ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಂಥ ಉದ್ಯಮ ವಲಯಗಳಿಗೆ ಬಹಳ ಹಿಡಿಸುವಂಥದ್ದು. ಅಲ್ಲಿ ನಾಯಕತ್ವವೆಂದರೆ ಮೇಲಿನ ಒಬ್ಬರ ಗುಣ ಎಂದೇ ನಂಬಿಕೆ. ಉಕ್ರೇನಿನ ಗಟ್ಟಿತನವನ್ನು ಹೀಗೆ ಓದಿದರೆ ಅದರ ಅರ್ಧಕ್ಕೂ ಹೆಚ್ಚು ಭಾಗ ಕೈತಪ್ಪುತ್ತದೆ. ಆ ದೇಶ ಕುಸಿಯದೆ ನಿಂತದ್ದಕ್ಕೆ ಕಾರಣಗಳು ಹಲವು: ಸೈನಿಕರ ಹೋರಾಟ, ಪಶ್ಚಿಮದ ಶಸ್ತ್ರಾಸ್ತ್ರ, ರಷ್ಯಾದ ಲೆಕ್ಕಾಚಾರದ ತಪ್ಪು. ಇವುಗಳ ಜೊತೆಗೆ ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೊಂದು ಕಾರಣವಿದೆ. ಆ ದೇಶದ ಊರುಗಳಿಗೆ ಚುನಾಯಿತ ಸಭೆಗಳಿದ್ದವು. ಆ ಸಭೆಗಳ ಕೈಯಲ್ಲಿ ದುಡ್ಡೂ ಅಧಿಕಾರವೂ ಇದ್ದವು.

2014ರ ಏಪ್ರಿಲ್‌ನಲ್ಲಿ, ಕ್ರಿಮಿಯಾ ಕೈಬಿಟ್ಟುಹೋದ ಬೆನ್ನಿಗೇ, ಉಕ್ರೇನ್ ಸರ್ಕಾರ ಅಧಿಕಾರ ವಿಕೇಂದ್ರೀಕರಣದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹತ್ತು ಸಾವಿರಕ್ಕೂ ಹೆಚ್ಚಿದ್ದ, ಕೈಯಲ್ಲಿ ಕಾಸಿಲ್ಲದ ಸಣ್ಣ ಸಭೆಗಳು ಹಂತಹಂತವಾಗಿ ಒಂದುಗೂಡಿ, 2020ರ ಹೊತ್ತಿಗೆ ಸುಮಾರು 1,470 'ಹ್ರೊಮಾಡಾ'ಗಳಾದವು. ಒಂದು ಪಟ್ಟಣ, ಅದರ ಸುತ್ತಲಿನ ಹಳ್ಳಿಗಳು ಸೇರಿ ಒಂದು ಹ್ರೊಮಾಡಾ. ಅಲ್ಲಿನ ದುಡಿಯುವವರು ಕಟ್ಟುವ ಆದಾಯ ತೆರಿಗೆಯಲ್ಲಿ ಶೇ 60ರಷ್ಟು ಅಲ್ಲಿಯೇ ಉಳಿಯತೊಡಗಿತು. 2020ರ ಅಕ್ಟೋಬರ್ 25ರಂದು ಹೊಸ ಗಡಿಗಳಲ್ಲಿ ಸ್ಥಳೀಯ ಚುನಾವಣೆ ನಡೆಯಿತು. ಯುದ್ಧ ಬಂದದ್ದು ಅದಾದ ಹದಿನಾರು ತಿಂಗಳಿಗೆ. ಶಾಲೆ, ಆಸ್ಪತ್ರೆ, ನೀರು, ಕಸ ಇವನ್ನೆಲ್ಲ ತಾವೇ ನಡೆಸಿ ಕೈಪಳಗಿಸಿಕೊಂಡಿದ್ದ ಸಭೆಗಳ ಮುಂದೆ ಯುದ್ಧ ಬಂದು ನಿಂತಿತು.

ದಕ್ಷಿಣ ಉಕ್ರೇನಿನ ವೊಜ್ನೆಸೆನ್ಸ್ಕ್ ಸುಮಾರು 35 ಸಾವಿರ ಜನರ ಊರು. 2022ರ ಮಾರ್ಚ್ ಮೊದಲ ವಾರ ರಷ್ಯಾದ ತುಕಡಿ ಅಲ್ಲಿಗೆ ಬಂದಾಗ ಉಕ್ರೇನ್ ಸೇನೆ ಸೇತುವೆಯನ್ನು ಉಡಾಯಿಸಿತು. ಅದಕ್ಕೆ ಮೊದಲೇ ಮೂವತ್ತರ ಆಸುಪಾಸಿನ ಮೇಯರ್ ಯೆವ್ಹೆನಿ ವೆಲಿಚ್ಕೊ ಊರಿನ ಗುತ್ತಿಗೆದಾರರ ಯಂತ್ರಗಳನ್ನು ತರಿಸಿ, ಶತ್ರುವಿನ ವಾಹನಗಳು ನದಿ ದಾಟದಂತೆ ದಡವನ್ನು ಕಡಿಸಿದ್ದರು, ರಸ್ತೆಗಳಿಗೆ ಅಡ್ಡಗಟ್ಟೆ ಹಾಕಿಸಿದ್ದರು. ಟ್ಯಾಂಕುಗಳು ಎಲ್ಲಿವೆ ಎಂದು ನಿವಾಸಿಗಳೇ ಮೊಬೈಲ್‌ನಲ್ಲಿ ಸುದ್ದಿ ಮುಟ್ಟಿಸಿದರು. ಆ ತುಕಡಿ ಹಿಂದೆ ಸರಿಯಿತು. ಮೆಲಿಟೊಪೊಲ್ ಶತ್ರುವಿನ ವಶವಾದ ಊರು. ಮಾರ್ಚ್ 11ರಂದು ಅಲ್ಲಿನ ಮೇಯರ್ ಇವಾನ್ ಫೆಡೊರೊವ್ ಅವರನ್ನು ರಷ್ಯಾದ ಸೈನಿಕರು ಹಿಡಿದೊಯ್ದಾಗ, ಬಂದೂಕುಗಳ ಎದುರಲ್ಲೇ ಜನ ಬೀದಿಗಿಳಿದು ನಮ್ಮ ಮೇಯರನ್ನು ಬಿಡಿ ಎಂದು ಕೂಗಿದರು. ಕೈದಿಗಳ ವಿನಿಮಯದಲ್ಲಿ ಮಾರ್ಚ್ 16ರಂದು ಅವರ ಬಿಡುಗಡೆಯಾಯಿತು. ಜನ ಬೀದಿಗೆ ಬಂದದ್ದು ತಾವೇ ಆರಿಸಿದ ಮನುಷ್ಯನಿಗಾಗಿ. ಕೇಂದ್ರದಿಂದ ನೇಮಕವಾಗಿ ಬಂದ ಅಧಿಕಾರಿಯೊಬ್ಬರಿಗಾಗಿ ಹೀಗೆ ಬರುತ್ತಿದ್ದರೆಂದು ನಂಬುವುದು ಕಷ್ಟ.

ಕನ್ನಡಿಗರಿಗೆ ಖಾರ್ಕಿವ್ ಹೆಸರು ದುಃಖದೊಂದಿಗೇ ಪರಿಚಯವಾಯಿತು. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು 2022ರ ಮಾರ್ಚ್ 1ರಂದು ದಿನಸಿ ತರಲು ಹೊರಗೆ ಹೋಗಿದ್ದಾಗ ಅಲ್ಲಿ ದಾಳಿಗೆ ಬಲಿಯಾದರು. ಮೂರು ವಾರಗಳ ನಂತರ ಪಾರ್ಥಿವ ಶರೀರ ಬೆಂಗಳೂರಿಗೆ ಬಂತು. ಹೆತ್ತವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಖಾರ್ಕಿವ್ ನಗರವನ್ನು ನಾವು ಅಷ್ಟಕ್ಕೇ ಬಿಟ್ಟುಬಿಡಬಾರದು. ಟ್ರಾಕ್ಟರ್, ಟರ್ಬೈನ್ ಕಾರ್ಖಾನೆಗಳು, ಸಾಲುಸಾಲು ಕಾಲೇಜುಗಳು, ಯುದ್ಧಕ್ಕೆ ಮುಂಚೆ ಕೀವ್ ಬಿಟ್ಟರೆ ದೇಶದಲ್ಲೇ ದೊಡ್ಡದಾಗಿದ್ದ ಐಟಿ ಉದ್ಯಮ: ಖಾರ್ಕಿವ್ ಎಂದರೆ ಪೀಣ್ಯವೂ ವೈಟ್‌ಫೀಲ್ಡೂ ಒಂದೇ ಕಡೆ ಸೇರಿದಂಥ ಊರು. ರಷ್ಯಾದ ಗಡಿ ಮೂವತ್ತು ನಲವತ್ತು ಕಿಲೊಮೀಟರ್ ದೂರ. ಬಾಂಬು ಬಿದ್ದ ಮರುದಿನ ಪೌರ ಕಾರ್ಮಿಕರು ಅವಶೇಷ ತೆಗೆದು, ಗುಡಿಸಿ, ಕಿಟಕಿಗಳಿಗೆ ಹಲಗೆ ಹೊಡೆದರು. ಆಶ್ರಯತಾಣವಾಗಿದ್ದ ಮೆಟ್ರೊ ನಿಲ್ದಾಣಗಳಲ್ಲಿ 2023ರ ಸೆಪ್ಟೆಂಬರ್‌ನಿಂದ ನಗರಸಭೆ ತರಗತಿಗಳನ್ನು ಶುರು ಮಾಡಿತು. 2024ರ ಮೇ ತಿಂಗಳಲ್ಲಿ ಅದರ ಕೈಗಾರಿಕಾ ಬಡಾವಣೆಯೊಂದರಲ್ಲಿ ನೆಲದಡಿಯ ಶಾಲೆಯೇ ತೆರೆಯಿತು. ನನ್ನ ಮಟ್ಟಿಗೆ ಕೀವ್‌ನ ವಿಡಿಯೊಗಿಂತ ದೊಡ್ಡ ನಾಯಕತ್ವ ಕಾಣುವುದು ಈ ಶಾಲೆಯಲ್ಲಿ. ಅದನ್ನು ಕಟ್ಟಲು ಧೈರ್ಯದ ಜೊತೆಗೆ ಬಜೆಟ್ಟು, ಎಂಜಿನಿಯರು, ಟೆಂಡರು, ಮಕ್ಕಳ ಪಟ್ಟಿ ಎಲ್ಲವೂ ಬೇಕಾಯಿತು.

ಅಸ್ಮಿತೆಯ ಪ್ರಶ್ನೆಯನ್ನೂ ಖಾರ್ಕಿವ್‌ನಲ್ಲಿಟ್ಟೇ ನೋಡಬೇಕು. ಅಲ್ಲಿನ ಬೀದಿಯ ಮಾತು ಹೆಚ್ಚಾಗಿ ರಷ್ಯನ್. ರಷ್ಯನ್ ಆಡುವವರೆಲ್ಲ ತನ್ನವರು ಎಂಬುದು ಮಾಸ್ಕೊದ ಎಣಿಕೆ; ಆ ಎಣಿಕೆಯನ್ನು ಮೊದಲು ಸುಳ್ಳು ಮಾಡಿದವರು ಇದೇ ಜನ. ಝೆಲೆನ್‌ಸ್ಕಿಯ ಮನೆಮಾತೂ ರಷ್ಯನ್, ಅವರು ಯಹೂದಿ ಮನೆತನದವರು. ಇವರೆಲ್ಲರನ್ನೂ ಉಕ್ರೇನಿಗರನ್ನಾಗಿ ಮಾಡಿದ್ದರಲ್ಲಿ ನುಡಿಯಷ್ಟೇ ಪಾಲು ಪೌರತ್ವಕ್ಕೂ ಇದೆ. ಕಣ್ಣಿಗೆ ಕಾಣುವ ಸಭೆ, ತೆತ್ತ ತೆರಿಗೆಗೆ ಲೆಕ್ಕ, ಬದಲಾಯಿಸಬಹುದಾದ ಮೇಯರ್ ಇದ್ದಲ್ಲಿ ಆ ಊರು ತನ್ನದೆನಿಸುತ್ತದೆ. 2020ರಿಂದ ಜಾರಿಗೆ ಬಂದ ಚುನಾವಣಾ ಸಂಹಿತೆ, ಪೂರ್ವ ಉಕ್ರೇನಿನ ಡೊನ್‌ಬಾಸ್‌ನಿಂದ ಗುಳೆ ಬಂದವರಿಗೂ ಅವರು ಈಗ ಬಾಳುತ್ತಿರುವ ಊರಿನಲ್ಲೇ ಸ್ಥಳೀಯ ಮತದಾನಕ್ಕೆ ದಾರಿ ಮಾಡಿಕೊಟ್ಟಿತು. ನಿರಾಶ್ರಿತರನ್ನು ಊರಿನವರನ್ನಾಗಿಸಿದ ಈ ನಿಯಮದ ಬೆಲೆ ದೊಡ್ಡದು. ಇದೇ ದೇಶ ಎಡವಿದ್ದೂ ಉಂಟು. ಟಿವಿಯಲ್ಲಿ ರಷ್ಯನ್ ಮಾತಾಡಿದ್ದಕ್ಕೆ ಖಾರ್ಕಿವ್ ಮೇಯರ್ ಇಹೊರ್ ತೆರೆಖೊವ್ ಅವರಿಗೆ 2022ರಲ್ಲಿ ಭಾಷಾ ಆಯುಕ್ತರು ದಂಡ ಹಾಕಿದರು. ಭಾಷೆಯನ್ನು ಕಾಯಬೇಕು ನಿಜ; ಆದರೆ ಬಾಂಬಿನಡಿ ಊರನ್ನು ನಡೆಸುತ್ತಿರುವವರ ನಿಷ್ಠೆಯನ್ನು ಅಳೆಯಲು ದಂಡದ ಚೀಟಿ ಸರಿಯಾದ ಸಾಧನವಲ್ಲ.

ಎಲ್ಲ ಊರುಗಳೂ ಒಂದೇ ರೀತಿ ನಿಲ್ಲಲಿಲ್ಲ. ಕುಪ್ಯಾನ್ಸ್ಕ್‌ನ ಚುನಾಯಿತ ಮೇಯರ್ ಯುದ್ಧದ ನಾಲ್ಕನೇ ದಿನವೇ ಊರನ್ನು ರಷ್ಯಾಕ್ಕೆ ಒಪ್ಪಿಸಿದರು. ಅಂದರೆ ಚುನಾವಣೆ ಧೈರ್ಯವನ್ನು ಹುಟ್ಟಿಸುವುದಿಲ್ಲ. ಧೈರ್ಯವಿದ್ದಲ್ಲಿ ಅದರ ಕೈಗೆ ಸಾಧನ ಕೊಡುತ್ತದೆ. ಇನ್ನು ಯುದ್ಧ ಉದ್ದವಾದಂತೆ ಕೀವ್ ಅಧಿಕಾರವನ್ನು ತನ್ನತ್ತ ಎಳೆದುಕೊಳ್ಳುತ್ತ ಬಂತು. ಸೈನಿಕರ ಸಂಬಳದ ಮೇಲಿನ ತೆರಿಗೆಯನ್ನು 2023ರಲ್ಲಿ ಹ್ರೊಮಾಡಾಗಳಿಂದ ಹಿಂತೆಗೆದುಕೊಂಡಿತು. ಶಸ್ತ್ರಾಸ್ತ್ರಕ್ಕೆ ಬೇಕೆಂಬ ಕಾರಣವನ್ನು ಒಪ್ಪಬಹುದು. 2025ರ ಅಕ್ಟೋಬರ್‌ನಲ್ಲಿ ರಷ್ಯಾದ ಪೌರತ್ವದ ಆರೋಪ ಹೊರಿಸಿ ಒಡೆಸಾದ ಚುನಾಯಿತ ಮೇಯರ್‌ನ ಪೌರತ್ವವನ್ನೇ ರದ್ದು ಮಾಡಿ, ನಗರಕ್ಕೆ ನೇಮಕದ ಸೇನಾ ಆಡಳಿತ ತಂದದ್ದನ್ನು ಅಷ್ಟು ಸುಲಭವಾಗಿ ಒಪ್ಪಲಾಗದು. 2022ರ ನಾಯಕನನ್ನು ಹೊಗಳುವವರು 2025ರ ಅದೇ ನಾಯಕನನ್ನು ಪ್ರಶ್ನಿಸಲೂ ಸಿದ್ಧರಿರಬೇಕು. ಉಕ್ರೇನಿಗರು ಸಿದ್ಧರಿದ್ದರು. ಭ್ರಷ್ಟಾಚಾರ ತನಿಖಾ ಸಂಸ್ಥೆಗಳ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಕಾನೂನಿಗೆ ಝೆಲೆನ್‌ಸ್ಕಿ 2025ರ ಜುಲೈ 22ರಂದು ಸಹಿ ಹಾಕಿದಾಗ, ಯುವಜನ ರಟ್ಟಿನ ಫಲಕ ಹಿಡಿದು ಬೀದಿಗೆ ಬಂದರು. ಜುಲೈ 31ಕ್ಕೆ ಸಂಸತ್ತು ಆ ಸ್ವಾತಂತ್ರ್ಯವನ್ನು ಮರಳಿಸಿತು. ಡ್ರೋನ್ ದಾಳಿಗಳ ನಡುವೆ ತಮ್ಮದೇ ಸರ್ಕಾರವನ್ನು ತಿದ್ದಿದ ಈ ಜನರ ಗಟ್ಟಿತನ ರಣರಂಗದ್ದಕ್ಕಿಂತ ಕಡಿಮೆಯದಲ್ಲ.

ಇಂಥ ಜನಶಕ್ತಿ ನಮ್ಮಲ್ಲಿಲ್ಲವೇ? ಇದೆ. 2016ರ ಏಪ್ರಿಲ್ 18 ಮತ್ತು 19ರಂದು ಬೊಮ್ಮನಹಳ್ಳಿ, ಹೊಸೂರು ರಸ್ತೆ, ಪೀಣ್ಯದ ಸುತ್ತಮುತ್ತಲ ಗಾರ್ಮೆಂಟ್ಸ್‌ಗಳಿಂದ ಸಾವಿರಾರು ಹೆಣ್ಣುಮಕ್ಕಳು ರಸ್ತೆಗಿಳಿದರು. ಭವಿಷ್ಯನಿಧಿಗೆ ಮಾಲೀಕರು ಕಟ್ಟುವ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಹೊರಡಿಸಿದ್ದ ನಿಯಮಕ್ಕೆ ಅವರ ವಿರೋಧ. ಕರೆ ಕೊಟ್ಟ ಪಕ್ಷವಿರಲಿಲ್ಲ, ಮುಂದೆ ನಿಂತ ದೊಡ್ಡ ನಾಯಕರಿರಲಿಲ್ಲ. ಪೊಲೀಸರು ಲಾಠಿ ಬೀಸಿದರು, ಬಸ್ಸುಗಳು ಉರಿದವು. ಆ ಹಿಂಸೆಯನ್ನು ಸಮರ್ಥಿಸಲಾಗದು. ಆದರೂ ಎರಡನೇ ದಿನವೇ ದೆಹಲಿ ಆ ನಿಯಮವನ್ನು ಹಿಂತೆಗೆದುಕೊಂಡಿತು. ಇಡೀ ದೇಶದ ಕಾರ್ಮಿಕರಿಗೆ ಲಾಭವಾದ ಈ ಗೆಲುವು ಬೆಂಗಳೂರಿನ ಹೊರವಲಯದ ಹೆಣ್ಣುಮಕ್ಕಳದು. ನಂತರ ಅವರು ಮತ್ತೆ ಹೊಲಿಗೆ ಯಂತ್ರದ ಮುಂದೆ ಕುಳಿತರು. ಆ ಎರಡು ದಿನಗಳ ಶಕ್ತಿ ಬೇರೂರಿ ನಿಲ್ಲಲು ಒಂದು ಸಭೆ, ಒಂದು ಕುರ್ಚಿ ಇರಲಿಲ್ಲ.

ಇದು ಹೀಗಾಗಲು ಇತಿಹಾಸವಿದೆ. ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿಗಳಿಗೆ ಒಂದು ಕಾಲದಲ್ಲಿ ತಮ್ಮದೇ ನಗರಸಭೆಗಳಿದ್ದವು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿಸಲಾಯಿತು. ಆ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. 2021ರ ಕೋವಿಡ್ ಎರಡನೇ ಅಲೆಯನ್ನು ಈ ನಗರ ಒಬ್ಬ ಕಾರ್ಪೊರೇಟರೂ ಇಲ್ಲದೆ ಎದುರಿಸಿತು. 2022ರ ಸೆಪ್ಟೆಂಬರ್ ಮೊದಲ ವಾರದ ಪ್ರವಾಹದಲ್ಲಿ ಐಟಿ ನೌಕರರು ಟ್ರಾಕ್ಟರ್ ಹತ್ತಿ ಕಚೇರಿಗೆ ಹೋದರು. ಅದಕ್ಕೂ ಮೊದಲು, ಆಗಸ್ಟ್ 30ರ ಮಳೆಗೇ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಹೊರ ವರ್ತುಲ ರಸ್ತೆಯ ಕಂಪನಿಗಳ ಸಂಘ ಪತ್ರ ಬರೆದದ್ದು ನೇರ ಮುಖ್ಯಮಂತ್ರಿಗೆ. ಬರೆಯಲು ಮೇಯರ್ ಇರಲಿಲ್ಲ. 2025ರ ಸೆಪ್ಟೆಂಬರ್ 2ರಂದು ಪಾಲಿಕೆ ಐದಾಗಿ ಒಡೆದಾಗಲೂ ಅಧಿಕಾರ ಹೋದದ್ದು ಆಡಳಿತಾಧಿಕಾರಿಗಳಿಗೆ.

ಎಲೆಕ್ಟ್ರಾನಿಕ್ ಸಿಟಿಯದು ಬೇರೆ ದಾರಿ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗಾ ಎಪ್ಪತ್ತರ ದಶಕದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ನೆಲದಲ್ಲಿ ಕನಸಿದ ಈ ಪ್ರದೇಶಕ್ಕೆ 2013ರಿಂದ ಪ್ರತ್ಯೇಕ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ. ರಸ್ತೆ, ದೀಪ, ಚರಂಡಿಯ ನಿರ್ವಹಣೆ ಚೆನ್ನಾಗಿದೆ, ತೆರಿಗೆಯ ದುಡ್ಡು ಅಲ್ಲಿಯೇ ಖರ್ಚಾಗುತ್ತದೆ. ಆದರೆ ಕ್ಯಾಂಟೀನಿನ ಅಡಿಗೆಯವರಾಗಲಿ ಸೆಕ್ಯುರಿಟಿಯವರಾಗಲಿ ಮತ ಹಾಕಿ ಆರಿಸುವ ಸಭೆ ಅದಲ್ಲ. ವೈಟ್‌ಫೀಲ್ಡ್‌ನಲ್ಲಿ 'ವೈಟ್‌ಫೀಲ್ಡ್ ರೈಸಿಂಗ್'ನಂಥ ನಾಗರಿಕ ಬಳಗ ಕೆರೆ, ಕಸ, ಮತದಾರರ ಪಟ್ಟಿಗಾಗಿ ವರ್ಷಗಳಿಂದ ಬೆವರು ಹರಿಸಿದೆ. ಅದಕ್ಕೆ ಗೌರವ ಸಲ್ಲಬೇಕು. ಆದರೆ ಬಜೆಟ್ಟಿನ ಮೇಲೆ ಹಕ್ಕಿಲ್ಲದ ಸ್ವಯಂಸೇವೆ ಕೊನೆಗೂ ಮನವಿಪತ್ರವಾಗಿಯೇ ಉಳಿಯುತ್ತದೆ.

ನಮ್ಮ ಅಸ್ಮಿತೆಯ ಜಗಳವೂ ಈ ಖಾಲಿ ಜಾಗದಲ್ಲೇ ಬೆಳೆದದ್ದು. 2023ರ ಡಿಸೆಂಬರ್‌ನ ಹೋರಾಟದ ನಂತರ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂಬ ನಿಯಮಕ್ಕೆ ಕಾನೂನಿನ ಬಲ ಬಂತು, ಅದು ನ್ಯಾಯವಾದದ್ದು. ಆದರೆ ಫಲಕ ಓದಲು ಬಂದವನು ಊರಿನವನಾಗಿಬಿಡುವುದಿಲ್ಲ. ಕಾರ್ಪೊರೇಟರನ್ನು ಪ್ರಶ್ನಿಸಲು, ವಾರ್ಡ್ ಸಮಿತಿಯಲ್ಲಿ ವಾದಿಸಲು, ನೀರಿನ ಟ್ಯಾಂಕಿನ ಲೆಕ್ಕ ಕೇಳಲು ಕನ್ನಡ ಬೇಕಾದಾಗ ಒಡಿಶಾದಿಂದ ಬಂದವರಿಗೂ ಕಾನ್ಪುರದಿಂದ ಬಂದವರಿಗೂ ಅದು ಬದುಕಿನ ನುಡಿಯಾಗುತ್ತದೆ. ಕನ್ನಡದ ಪರವಾಗಿ ದನಿಯೆತ್ತುವ ಎಲ್ಲರೂ ವಾರ್ಡ್ ಚುನಾವಣೆಗಾಗಿಯೂ ಅಷ್ಟೇ ಗಟ್ಟಿಯಾಗಿ ದನಿಯೆತ್ತಬೇಕೆಂದು ನಾನು ಕೇಳುವುದು ಈ ಕಾರಣಕ್ಕೆ.

ಯುದ್ಧ ಬೇರೆ, ಪ್ರವಾಹ ಬೇರೆ. ವೊಜ್ನೆಸೆನ್ಸ್ಕ್‌ನ ಸಂಕಟವನ್ನು ಮಹದೇವಪುರದ ಸಂಕಟಕ್ಕೆ ಸಮ ಮಾಡಲಾಗದು. ಹೋಲಿಸಬಹುದಾದದ್ದು ವ್ಯವಸ್ಥೆಯನ್ನು ಮಾತ್ರ. ಆ ವ್ಯವಸ್ಥೆಗಾಗಿ ನಾವು ಉಕ್ರೇನಿಗೇ ಹೋಗಬೇಕಾಗಿಲ್ಲ. ಬರಗಾಲದಲ್ಲಿ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ 1983ರ ಪಂಚಾಯತ್ ಕಾಯ್ದೆಯನ್ನು ರೂಪಿಸಿದರು. 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಕಾಲು ಭಾಗದಷ್ಟು ಸ್ಥಾನ ಹೆಂಗಸರಿಗೆ ಮೀಸಲಾಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು. ದೇಶಕ್ಕೆ ಪಂಚಾಯತ್ ರಾಜ್ ತಿದ್ದುಪಡಿ ಬರುವುದಕ್ಕೆ ವರ್ಷಗಳ ಮೊದಲೇ ಕರ್ನಾಟಕ ಅಧಿಕಾರವನ್ನು ಊರಿಗೆ ಒಯ್ದಿತ್ತು. ಅದೇ ರಾಜ್ಯ ತನ್ನ ರಾಜಧಾನಿಯ ಅಂಚಿನ ಜನರಿಗೆ ಒಂದು ವಾರ್ಡಿನ ಪ್ರತಿನಿಧಿಯನ್ನೂ ಕೊಡದೆ ಇಷ್ಟು ವರ್ಷ ಕಳೆದದ್ದು ನಮ್ಮ ಸಾರ್ವಜನಿಕ ಬದುಕಿನ ದೊಡ್ಡ ಸೋಲು.

ಝೆಲೆನ್‌ಸ್ಕಿಯ ಧೈರ್ಯವನ್ನು ಮೆಚ್ಚೋಣ. ಅವರ ಯುದ್ಧಕಾಲದ ಆಡಳಿತದ ತಪ್ಪುಗಳನ್ನೂ ಗುರುತಿಸೋಣ. ಕಲಿಯಬೇಕಾದದ್ದನ್ನು ಮಾತ್ರ ಆ ಊರುಗಳಿಂದ ಕಲಿಯೋಣ. ಆಪತ್ತು ಬಂದ ದಿನ ಊರಿಗೆ ದಿಢೀರನೆ ನಾಯಕ ಹುಟ್ಟುವುದಿಲ್ಲ. ನೆಮ್ಮದಿಯ ಕಾಲದಲ್ಲಿ ಅಧಿಕಾರ ಹಂಚಿಕೊಂಡು, ದುಡ್ಡಿಗೆ ಲೆಕ್ಕ ಕೊಟ್ಟು, ಬೈಸಿಕೊಂಡು, ತಿದ್ದಿಕೊಂಡು ಅಭ್ಯಾಸವಾದ ಸಭೆಯೇ ಆ ದಿನ ಎದ್ದು ನಿಲ್ಲುವುದು. ಮುಂದಿನ ಮಳೆ, ಮುಂದಿನ ರೋಗ, ಮುಂದಿನ ಬರ ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗೆ ಬರುವ ಮೊದಲು ಅಲ್ಲಿ ದುಡಿಯುವ ಎಲ್ಲರಿಗೂ ಮತವಿರುವ, ತೆರಿಗೆಯ ಪಾಲಿರುವ ಸಭೆಗಳು ಇರಬೇಕು. ಅದನ್ನು ಕೊಡದ ಸರ್ಕಾರ, ಯಾವ ಪಕ್ಷದ್ದೇ ಆಗಲಿ, ಜನರ ಗಟ್ಟಿತನವನ್ನು ಹೊಗಳುವ ಹಕ್ಕನ್ನು ಕಳೆದುಕೊಳ್ಳುತ್ತದೆ.